ಅರ್ಬುದವೂ ಏಡಿಗಂತಿಯೂ

ಕ್ಯಾನ್ಸರ್ ಎಂಬ ವ್ಯಾಧಿಗೆ ಕನ್ನಡದಲ್ಲಿ ಎರಡು ಹೆಸರುಗಳುಂಟು: ಅರ್ಬುದವೆಂಬುದೊಂದು, ಏಡಿಗಂತಿಯೆಂಬುದಿನ್ನೊಂದು. ಎರಡಕ್ಕೂ ಅರ್ಥವೊಂದೇ ಎಂದು ಎಣಿಸುವುದು ವಾಡಿಕೆ. ಆದರೆ ಇವುಗಳ ಜನ್ಮಭೂಮಿ ಬೇರೆ ಬೇರೆ.

ಏಡಿ ಬಂದುದು ಗ್ರೀಸಿನಿಂದ. ಹಿಪ್ಪೊಕ್ರಟೀಸನ ಹೆಸರಿನಲ್ಲಿ ಪ್ರಚಲಿತವಾದ ಗ್ರಂಥಗಳಲ್ಲಿ ಈ ರೋಗಕ್ಕೆ ಏಡಿಯೆಂಬರ್ಥದ ಕಾರ್ಕಿನೋಸ್ ಎಂಬ ಶಬ್ದವಿದೆ. 2ನೆಯ ಶತಮಾನದ ಗ್ಯಾಲೆನನು ಸ್ತನದ ಗಂತಿಯಿಂದ ಇಕ್ಕೆಲಗಳಿಗೂ ಚಾಚಿದ ಸಿರೆಗಳನ್ನು ಏಡಿಯ ಕಾಲುಗಳಿಗೆ ಹೋಲಿಸಿ, ಕೃಷ್ಣಪಿತ್ತವೇ ಇದಕ್ಕೆ ಕಾರಣವೆಂದನು. ಯೂರೋಪು ಸಾವಿರ ವರ್ಷಗಳಿಗೂ ಮೀರಿ ಆ ಮಾತನ್ನೇ ನಂಬಿತು.

ಅರ್ಬುದದ ಕಥೆ ಬೇರೆ. ಹತ್ತು ಕೋಟಿಯೆಂಬ ಸಂಖ್ಯೆಗೂ ಅಬೂ ಪರ್ವತಕ್ಕೂ ಸಲ್ಲುವ ಈ ಪದವನ್ನು ಸುಶ್ರುತಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯವು ದುಂಡಾದ, ಸ್ಥಿರವಾದ, ಬೇರು ಆಳವಾದ, ಮೆಲ್ಲಗೆ ಬೆಳೆಯುವ, ಕೀವುಗಟ್ಟದ ಬಾವಿಗೆ ಇಟ್ಟಿದೆ. ವಾತ, ಪಿತ್ತ, ಕಫ, ರಕ್ತ, ಮಾಂಸ, ಮೇದಸ್ಸು ಎಂದು ಅದರ ಭೇದಗಳು ಆರು. ಇವುಗಳಲ್ಲಿ ರಕ್ತಾರ್ಬುದವೂ ಮಾಂಸಾರ್ಬುದವೂ ಅಸಾಧ್ಯವೆನಿಸಿವೆ. ಮಾಂಸಾರ್ಬುದವು ನೋವಿಲ್ಲದ್ದು, ಕಲ್ಲಿನಂಥದ್ದು, ಅಲುಗದ್ದು. ಮೊದಲಿನದರ ಮೇಲೆ ಮತ್ತೊಂದು ಹುಟ್ಟಿದರೆ ಅದು ಅಧ್ಯರ್ಬುದ. ಚಿಕಿತ್ಸಾಸ್ಥಾನದ ಎಚ್ಚರಿಕೆಯಂತೂ ಮನನೀಯವಾದುದು: ಕೊಯ್ದು ತೆಗೆಯುವಾಗ ಶೇಷವುಳಿದರೆ ಅದು ಬೇಗನೆ ಮರಳಿ ಬೆಳೆದು, ಉಳಿದ ಬೆಂಕಿಯಂತೆ ರೋಗಿಯನ್ನು ಕೊಲ್ಲುವುದು. ಇದು ಶಸ್ತ್ರ ಹಿಡಿದ ಕೈಯ ಅನುಭವವೇ ಹೊರತು ಬರಿಯ ತರ್ಕವಲ್ಲ.

ಹಾಗೆಂದು ಇಂದಿನ ವಿದ್ಯೆಯೆಲ್ಲ ಅಲ್ಲಿಯೇ ಇತ್ತೆನ್ನುವುದು ಶಾಸ್ತ್ರಕ್ಕೂ ಗೌರವವಲ್ಲ. ಮೇದೋರ್ಬುದವೆಂದು ಹೇಳಿದ್ದರಲ್ಲಿ ನಿರಪಾಯವಾದ ಕೊಬ್ಬಿನ ಗಂಟುಗಳೂ ಸೇರಿರಬಹುದು. ಕಣ್ಣಿಗೂ ಕೈಗೂ ನಿಲುಕಿದ್ದನ್ನು ಮಾತ್ರ ಪ್ರಾಚೀನರು ವಿಂಗಡಿಸಿದರು.

ಸೂಕ್ಷ್ಮದರ್ಶಕವು ಕಾಣದ್ದನ್ನು ಕಾಣಿಸಿತು. ಗಂತಿಗಳೂ ಜೀವಕೋಶಗಳಿಂದಲೇ ಆದವೆಂದು ಜರ್ಮನಿಯ ಯೋಹಾನೆಸ್ ಮ್ಯುಲ್ಲರನು 1838ರಲ್ಲಿ ತೋರಿಸಿದನು; ಕೋಶವು ಕೋಶದಿಂದಲೇ ಹುಟ್ಟುವುದೆಂದು ಅವನ ಶಿಷ್ಯ ವಿರ್ಖೋವನು 1858ರಲ್ಲಿ ಸಾರಿದನು. ಅಂದಿನಿಂದ ದೋಷದ ಬದಲು ಹುಟ್ಟಿದ ಧಾತುವೇ ವಿಂಗಡಣೆಗೆ ಆಧಾರವಾಯಿತು. ಚರ್ಮದಲ್ಲಿಯೂ ಅವಯವಗಳ ಒಳಪೊರೆಯಲ್ಲಿಯೂ ಹುಟ್ಟುವುದು ಕಾರ್ಸಿನೋಮ; ಎಲುಬು, ಸ್ನಾಯು ಮೊದಲಾದವುಗಳಲ್ಲಿ ಹುಟ್ಟುವುದು ಸಾರ್ಕೋಮ. ವಿರ್ಖೋವನೇ 1845ರಲ್ಲಿ ಬಿಳಿಯ ರಕ್ತವೆಂದು ವರ್ಣಿಸಿದ ಲ್ಯುಕೀಮಿಯದಲ್ಲಾದರೋ ಗಂಟೇ ಇರಬೇಕೆಂದಿಲ್ಲ; ಅದಕ್ಕೆ ಏಡಿಯೂ ಒಪ್ಪದು, ಅರ್ಬುದವೂ ಒಪ್ಪದು.

ಕೋಳಿಗಳಲ್ಲಿ ಗಂತಿಯನ್ನುಂಟುಮಾಡುವ ವೈರಸ್ಸಿನ ಜೀನು ಮೂಲತಃ ಆರೋಗ್ಯವಂತ ಕೋಶದ್ದೇ ಎಂದು ಬಿಷಪ್, ವಾರ್ಮಸ್ ಮತ್ತು ಅವರ ಸಂಗಡಿಗರು 1976ರಲ್ಲಿ ತೋರಿಸಿದರು; ಅವರಿಬ್ಬರಿಗೆ 1989ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಶತ್ರು ಹೊರಗಿನವನೇ ಆಗಬೇಕಿಲ್ಲವೆಂದು ಇದರಿಂದ ತಿಳಿದಂತಾಯಿತು. ಗ್ಯಾಲೆನನು ಏಡಿಯನ್ನು ಕಂಡ ಸ್ತನದ ಗಂತಿಯಲ್ಲಿಯೇ ಈಗ ಹಾರ್ಮೋನಿನಿಂದ ಪೋಷಿತವಾಗುವುದು, ಆಗದಿರುವುದು ಎಂಬ ಭೇದವನ್ನು ಪರೀಕ್ಷಿಸುತ್ತಾರೆ. ಒಂದಕ್ಕೆ ಹಿಡಿಯುವ ಔಷಧ ಇನ್ನೊಂದಕ್ಕೆ ಹಿಡಿಯದು.