ಇಂಗ್ಲಿಷ್ ಮಾಸ್ತರರ ಯೋಗ್ಯತೆಗೆ ಮುದ್ರೆ ಒತ್ತಿದವರು

ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಸೇರಿಸುವಾಗ ಫೀ ಎಷ್ಟು, ಬಸ್ಸು ಮನೆಯ ಹತ್ತಿರ ಬರುತ್ತದೆಯೇ ಎಂದೆಲ್ಲ ನಾವು ವಿಚಾರಿಸುತ್ತೇವೆ. ಕಲಿಸುವವರಿಗೆ ಕಲಿಸಿದವರು ಯಾರು, ಆ ತರಬೇತಿ ಸರಿಯಾಗಿತ್ತೆಂದು ಹೇಳುವ ಅಧಿಕಾರ ಯಾರದು ಎಂದು ಮಾತ್ರ ಕೇಳುವುದಿಲ್ಲ. ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಅದರಲ್ಲಿ ಕನ್ನಡಿಗರ ಪಾಲೂ ಇದೆ.

ಶಿಕ್ಷಕರಿಗೆ ತರಬೇತಿ ಶಾಲೆಗಳು ಬೇಕೆಂದು 1854ರ ವುಡ್ ಸಾಹೇಬರ ಶಿಕ್ಷಣ ನಿರೂಪ ಹೇಳಿತು. ಮದ್ರಾಸಿನ ಸೈದಾಪೇಟೆಯ ಹೆಸರಾಂತ ಟೀಚರ್ಸ್ ಕಾಲೇಜಿನ ಮೂಲ 1856ರ ನಾರ್ಮಲ್ ಸ್ಕೂಲು. ಮುಂದೆ ಬಹುಕಾಲ ವಿಶ್ವವಿದ್ಯಾಲಯದ ಎಲ್.ಟಿ., ಬಿ.ಟಿ. ಪದವಿಗಳೇ ಮಾಸ್ತರರ ಯೋಗ್ಯತೆಗೆ ಮುದ್ರೆಯಾಗಿದ್ದವು. ಅವುಗಳಲ್ಲಿ ಇಂಗ್ಲಿಷ್ ಬೋಧನೆ ಹಲವು ವಿಷಯಗಳಲ್ಲಿ ಒಂದು, ಅಷ್ಟೆ. ಇಂಗ್ಲಿಷ್ ಬಲ್ಲವನು ಇಂಗ್ಲಿಷ್ ಕಲಿಸಬಲ್ಲನೆಂಬುದೇ ಎಲ್ಲರ ನಂಬಿಕೆ.

ಸ್ವಾತಂತ್ರ್ಯದ ನಂತರ ಈ ನಂಬಿಕೆ ಅಲುಗಾಡಿತು. ಮುಂಬಯಿ ಪ್ರಾಂತದಲ್ಲಿ ಇಂಗ್ಲಿಷು ಎಂಟನೆಯ ಇಯತ್ತೆಗೆ ಹೋಯಿತು. ಧಾರವಾಡ, ಬಿಜಾಪುರದ ಕಡೆಯ ಹಿರಿಯ ವಾಚಕರಿಗೆ ಇದು ನೆನಪಿದ್ದೀತು. ಕಲಿಯುವ ವರ್ಷಗಳು ಕಡಿಮೆಯಾದರೆ ಕಲಿಸುವವನು ಹೆಚ್ಚು ನುರಿತವನಾಗಬೇಕಲ್ಲವೆ? 1958ರಲ್ಲಿ ಹೈದರಾಬಾದಿನಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಹುಟ್ಟಿತು. ಬ್ರಿಟಿಷ್ ಕೌನ್ಸಿಲ್ ಮತ್ತು ಫೋರ್ಡ್ ಫೌಂಡೇಶನ್ನಿನ ನೆರವು ಅದಕ್ಕಿತ್ತು. ಆರಂಭದ ವರ್ಷಗಳಲ್ಲಿ ಅದರ ನಿರ್ದೇಶಕರಾಗಿದ್ದವರು ನಮ್ಮ ಕವಿ ವಿನಾಯಕ, ಅಂದರೆ ವಿ. ಕೃ. ಗೋಕಾಕರು. ಶಾಲೆಗಳಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಕೊಡಬೇಕೆಂದು 1981ರಲ್ಲಿ ವರದಿ ಕೊಟ್ಟು ನಾಡನ್ನೇ ಎಬ್ಬಿಸಿದವರೂ ಅವರೇ. ಇದರಲ್ಲಿ ವಿರೋಧಾಭಾಸ ಕಾಣುವವರಿದ್ದಾರೆ, ನನಗೆ ಕಾಣುವುದಿಲ್ಲ. ಎರಡು ಭಾಷೆಗಳನ್ನೂ ಚೆನ್ನಾಗಿ ಬಲ್ಲವರಿಗೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವ ಅಗತ್ಯ ಬೀಳುವುದಿಲ್ಲ.

ಅದೇ ಹೊತ್ತಿಗೆ ಮದ್ರಾಸ್ ರಾಜ್ಯದಲ್ಲಿ ಒಂದು ದೊಡ್ಡ ಸಾಹಸ ನಡೆಯಿತು. ಇಂಗ್ಲಿಷನ್ನು ಮೊದಲ ಹಂತದಲ್ಲಿ ಕಲಿಸುವ 27,000 ಶಿಕ್ಷಕರಿಗೆ ಮರುತರಬೇತಿ ಕೊಡುವ ಯೋಜನೆ ಅದು. ಅಷ್ಟು ಜನಕ್ಕೆ ನೇರವಾಗಿ ಕಲಿಸಲು ತಜ್ಞರೆಲ್ಲಿ? ಕೆಲವರಿಗೆ ತಜ್ಞರು ಕಲಿಸುವುದು, ಅವರು ಇನ್ನಷ್ಟು ಜನಕ್ಕೆ, ಆ ಜನ ಮತ್ತಷ್ಟು ಜನಕ್ಕೆ ಕಲಿಸುವುದು ಎಂದಾಯಿತು. ಉರುಳುತ್ತ ದೊಡ್ಡದಾಗುವ ಹಿಮದ ಉಂಡೆಯಂತೆ ಎಂದು ಅದಕ್ಕೆ 'ಮದ್ರಾಸ್ ಸ್ನೋಬಾಲ್' ಎಂಬ ಹೆಸರು ಬಿತ್ತು. ಹಿಮ ಬೀಳದ ಊರಿಗೆ ಇಂಥ ಹೆಸರು! ಮಜ್ಜಿಗೆಗೆ ನೀರು ಬೆರೆಸುತ್ತ ಹೋದ ಹಾಗೆ, ಕೈಯಿಂದ ಕೈಗೆ ದಾಟಿದಂತೆ ವಿದ್ಯೆ ತೆಳುವಾಗುವುದು ಇಂಥ ಏರ್ಪಾಡಿನ ಸಹಜ ಅಪಾಯ. ಕೊನೆಯ ಸಾಲಿನ ಮಾಸ್ತರರಿಗೆ ಉಳಿಯುವುದು ವಾಕ್ಯಗಳ ಪಟ್ಟಿ. ಅದರ ಹಿಂದಿನ ವಿಚಾರ ದಾರಿಯಲ್ಲೇ ಸೋರಿಹೋಗಬಹುದು.

1963ರಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಪ್ರಾರಂಭವಾಯಿತು. ವಾಕ್ಯರಚನೆಯ ಅಭ್ಯಾಸವನ್ನೇ ನೆಚ್ಚಿದ ಪದ್ಧತಿಯ ಬಗ್ಗೆ ಎಪ್ಪತ್ತರ ದಶಕದ ಕೊನೆಗೆ ಅತೃಪ್ತಿ ಬೆಳೆದಿತ್ತು. ಆಗ ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಬೇರೆ ದಾರಿ ಹಿಡಿದರು. ರೈಲ್ವೆ ವೇಳಾಪಟ್ಟಿ, ನಕ್ಷೆ ಇಂಥವುಗಳನ್ನು ಕೊಟ್ಟು ಸಮಸ್ಯೆ ಬಿಡಿಸಲು ಹೇಳುವುದು. ಬಿಡಿಸುತ್ತ ಮಕ್ಕಳಿಗೆ ಭಾಷೆ ಬರುತ್ತದೆ. 'ಬೆಂಗಳೂರು ಪ್ರಾಜೆಕ್ಟ್' ಎಂದು ಇದು ಜಗತ್ತಿನ ಪಠ್ಯಗಳಲ್ಲೆಲ್ಲ ಹೆಸರಾಗಿದೆ. ಬೆಂಗಳೂರಿನವರಿಗೇ ಇದರ ಸುದ್ದಿ ಕಡಿಮೆ.

ಪದ್ಧತಿಗಳ ಮಾತು ಹೀಗಾದರೆ ಮಾನ್ಯತೆಯ ಮಾತು ನಿಧಾನವಾಗಿ ಸಾಗಿತು. ಶಿಕ್ಷಕ ಶಿಕ್ಷಣದ ರಾಷ್ಟ್ರೀಯ ಪರಿಷತ್ತು 1973ರಲ್ಲೇ ಬಂದಿತ್ತು, ಆದರೆ ಅದು ಸಲಹೆ ಕೊಡಬಹುದಿತ್ತು, ಬಾಗಿಲು ಮುಚ್ಚಿಸುವಂತಿರಲಿಲ್ಲ. ಅಂಚೆಯ ಮೂಲಕ ಬಿ.ಎಡ್. ಹಂಚುವವರ ಕಾಲ ಅದು. ಕಾಯಿದೆ ಬಂದದ್ದು 1993ರಲ್ಲಿ. ಅದರಂತೆ ಅಧಿಕಾರವುಳ್ಳ ಪರಿಷತ್ತು ಕೆಲಸಕ್ಕೆ ನಿಂತದ್ದು 1995ರ ಆಗಸ್ಟಿನಲ್ಲಿ. ಅಧಿಕಾರ ಬಂದ ಮಾತ್ರಕ್ಕೆ ಎಲ್ಲ ನೆಟ್ಟಗಾಗಲಿಲ್ಲ. ಮಹಾರಾಷ್ಟ್ರದ 291 ತರಬೇತಿ ಸಂಸ್ಥೆಗಳ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ, ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಆಯೋಗ ನೇಮಕವಾಯಿತು. ಅವುಗಳಲ್ಲಿ ಬಹುಪಾಲು ಮಾನ್ಯತೆಗೆ ಅರ್ಹವಲ್ಲವೆಂದು ಆಯೋಗ ಕಂಡುಕೊಂಡು 2012ರಲ್ಲಿ ವರದಿ ಒಪ್ಪಿಸಿತು. ಬಿ.ಎಡ್. ಒಂದು ವರ್ಷದ್ದು ಎರಡು ವರ್ಷದ್ದಾದದ್ದು 2014ರ ನಿಯಮಗಳಿಂದ.

ಈ ಕಾಯಿದೆ ಶಾಲಾ ಶಿಕ್ಷಕರ ತರಬೇತಿಗೆ ಸಂಬಂಧಿಸಿದ್ದು. ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಮನೆಯಲ್ಲಿ ಕೂತು ಪರದೇಶದವರಿಗೆ ಇಂಗ್ಲಿಷ್ ಕಲಿಸಲು ಹಣ ಕಟ್ಟಿ ಪಡೆಯುವ ಸರ್ಟಿಫಿಕೇಟುಗಳು ಬೇರೆ. ಲಂಡನ್ನಿನಲ್ಲಿ ಜಾನ್ ಹೇಕ್ರಾಫ್ಟ್ 1962ರಲ್ಲಿ ಶುರುಮಾಡಿದ ಕಿರುತರಬೇತಿಯೇ ಬೆಳೆದು ಇಂದು ಕೇಂಬ್ರಿಜ್ಜಿನ 'ಸೆಲ್ಟಾ' ಆಗಿದೆ. ಅದರಲ್ಲಿ ಸುಮಾರು 120 ಗಂಟೆಗಳ ಪಾಠ, ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ಬೋಧನೆ, ಜೊತೆಗೆ ಹೊರಗಿನ ಪರೀಕ್ಷಕರ ತಪಾಸಣೆ. ಅದೇ 120 ಗಂಟೆಯೆಂದು ಹೇಳಿಕೊಳ್ಳುವ ಅಗ್ಗದ ಕೋರ್ಸುಗಳು ಈಗ ಬೇಕಾದಷ್ಟಿವೆ. ಹಣ ಕಟ್ಟುವ ಮೊದಲು ಆ ಆರು ಗಂಟೆ ಅವುಗಳಲ್ಲಿ ಇದೆಯೇ, ಹೊರಗಿನವರು ಬಂದು ನೋಡುತ್ತಾರೆಯೇ ಎಂದು ಕೇಳಬಹುದು.