ನಗಿಸುವ ಅನಿಲ, ತಗ್ಗಿದ ನೋವು

‘ಇರುವೆ ಕಚ್ಚಿದ ಹಾಗಾಗುತ್ತೆ, ಅಷ್ಟೆ.’ ಗಾಯಕ್ಕೆ ಅಂಟಿದ ಬಟ್ಟೆ ಬಿಡಿಸುವಾಗ, ಜಾರಿದ ಭುಜದ ಕೀಲು ಕೂರಿಸುವಾಗ ಇಂಥ ಮಾತು ಕೇಳದವರು ಕಡಿಮೆ. ದೊಡ್ಡ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಉಂಟು. ಐದು ನಿಮಿಷದ ನೋವಿಗೆ ಹಲ್ಲು ಕಚ್ಚಿಕೊಳ್ಳುವುದೇ ಮದ್ದು ಎಂದು ನಾವು ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ ಸೂಜಿ ಚುಚ್ಚದೆ, ರಕ್ತನಾಳಕ್ಕೆ ಔಷಧ ಹರಿಸದೆ, ಬರೀ ಉಸಿರಿನಿಂದ ಇಂಥ ನೋವು ತಗ್ಗಿಸಬಹುದೆಂಬ ತಿಳಿವಳಿಕೆ ಇನ್ನೂರು ವರ್ಷಕ್ಕೂ ಹಳೆಯದು.

1799ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹಂಫ್ರಿ ಡೇವಿ ಎಂಬ ಇಪ್ಪತ್ತರ ತರುಣ ನೈಟ್ರಸ್ ಆಕ್ಸೈಡ್ ಅನಿಲವನ್ನು ತಾನೇ ಉಸಿರಾಡಿ ಪರೀಕ್ಷಿಸುತ್ತಿದ್ದ. ಹಲ್ಲಿನ ನೋವಿದ್ದಾಗ ಎಳೆದುಕೊಂಡರೆ ನೋವು ತಗ್ಗುತ್ತಿತ್ತು. ಹೆಚ್ಚು ರಕ್ತ ಹೋಗದ ಶಸ್ತ್ರಚಿಕಿತ್ಸೆಗಳಲ್ಲಿ ಇದು ಉಪಯೋಗಕ್ಕೆ ಬಂದೀತು ಎಂದು 1800ರಲ್ಲಿ ತನ್ನ ಪುಸ್ತಕದಲ್ಲಿ ಬರೆದೂ ಬರೆದ. ಅಲ್ಲಿಗೆ ಮುಗಿಯಿತು. ಮುಂದಿನ ನಲವತ್ತನಾಲ್ಕು ವರ್ಷ ಅದು ಮೋಜಿನ ಸರಕು. ಜನ ದುಡ್ಡು ಕೊಟ್ಟು ಎಳೆದುಕೊಂಡು ನಗುತ್ತಿದ್ದರು, ಕುಣಿಯುತ್ತಿದ್ದರು. ಅದೇ ಕಾಲದ ಆಸ್ಪತ್ರೆಗಳಲ್ಲಿ ಎಚ್ಚರವಿದ್ದ ರೋಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕಾಲು ಕತ್ತರಿಸುತ್ತಿದ್ದರು. ಅನಿಲ ನಗಿಸುತ್ತದೆ ಎಂಬ ಕಾರಣಕ್ಕೇ ಯಾರೂ ಅದನ್ನು ಮದ್ದೆಂದು ಎಣಿಸಲಿಲ್ಲವೇನೋ! ಅದಕ್ಕಿಂತ ಹೆಚ್ಚಾಗಿ, ನೋವು ಚಿಕಿತ್ಸೆಯ ಭಾಗವೇ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿತ್ತು ಎಂದು ನನಗೆ ಅನ್ನಿಸುತ್ತದೆ.

1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಗಾರ್ಡನರ್ ಕೋಲ್ಟನ್ ಇಂಥದೇ ಒಂದು ಪ್ರದರ್ಶನ ಏರ್ಪಡಿಸಿದ್ದ. ಅನಿಲ ಎಳೆದುಕೊಂಡ ಸ್ಯಾಮ್ಯುಯೆಲ್ ಕೂಲಿ ಎಂಬಾತ ಕಾಲಿಗೆ ಪೆಟ್ಟು ಮಾಡಿಕೊಂಡ. ರಕ್ತ ಬರುತ್ತಿದ್ದರೂ ಅವನಿಗೆ ಗೊತ್ತಾಗಲಿಲ್ಲ. ಎಲ್ಲರೂ ನಗುತ್ತಿರುವಾಗ ಹೊರೇಸ್ ವೆಲ್ಸ್ ಎಂಬ ದಂತವೈದ್ಯ ಮಾತ್ರ ಆ ಕಾಲನ್ನು ನೋಡಿದ. ಮರುದಿನವೇ ಅನಿಲ ಎಳೆದುಕೊಂಡು ತನ್ನದೇ ಹಲ್ಲು ಕೀಳಿಸಿಕೊಂಡ. ಆದರೆ 1845ರಲ್ಲಿ ಬಾಸ್ಟನ್‌ನ ವೈದ್ಯವಿದ್ಯಾರ್ಥಿಗಳ ಎದುರು ಹಲ್ಲು ಕೀಳುವಾಗ ರೋಗಿ ಕೂಗಿಬಿಟ್ಟ. ಅನಿಲದ ಚೀಲವನ್ನು ಬೇಗ ತೆಗೆದದ್ದೇ ತಪ್ಪಾಯಿತು ಎಂದು ವೆಲ್ಸ್ ಆಮೇಲೆ ಹೇಳಿಕೊಂಡ. ಸಭೆ ಮಾತ್ರ ‘ಮೋಸ’ ಎಂದು ಗೇಲಿ ಮಾಡಿತು. ಮರುವರ್ಷ ಅದೇ ಊರಿನಲ್ಲಿ ಅವನ ಹಳೆಯ ಪಾಲುದಾರ ಮಾರ್ಟನ್ ಈಥರ್ ತೋರಿಸಿ ಹೆಸರಾದ. ಕ್ಲೋರೋಫಾರ್ಮಿನ ಚಟಕ್ಕೆ ಬಿದ್ದ ವೆಲ್ಸ್ 1848ರಲ್ಲಿ ನ್ಯೂಯಾರ್ಕಿನ ಜೈಲಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅನಿಲವನ್ನು 1863ರ ಹೊತ್ತಿಗೆ ದಂತವೈದ್ಯಕ್ಕೆ ಮರಳಿ ತಂದವನು ಅದೇ ಪ್ರದರ್ಶನಕಾರ ಕೋಲ್ಟನ್.

ನನಗೆ ಬಹಳ ಹಿಡಿಸಿದ್ದು ಇನ್ನೂ ಒಂದು ಶತಮಾನ ಕಳೆದ ಮೇಲಿನ ಘಟ್ಟ. 1961ರಲ್ಲಿ ಬ್ರಿಟನ್ನಿನ ವೈದ್ಯ ಮೈಕೆಲ್ ಟನ್‌ಸ್ಟಾಲ್ ನೈಟ್ರಸ್ ಆಕ್ಸೈಡ್ ಅರ್ಧ, ಆಮ್ಲಜನಕ ಅರ್ಧ ಬೆರೆಸಿ ಒಂದೇ ಸಿಲಿಂಡರಿನಲ್ಲಿ ಕೊಡಬಹುದೆಂದು ತೋರಿಸಿದ. ಎಂಟೊನಾಕ್ಸ್ ಎಂಬ ಹೆಸರಿನ ಈ ಮಿಶ್ರಣ ಮೊದಲು ಹೆರಿಗೆಯ ಕೋಣೆಗೆ, ಆಮೇಲೆ ಆಂಬುಲೆನ್ಸಿಗೆ, ಸುಟ್ಟಗಾಯದ ವಾರ್ಡಿಗೆ ಹೋಯಿತು. ಇಲ್ಲಿ ಮುಖವಾಡವನ್ನು ಹಿಡಿದುಕೊಳ್ಳುವವರು ರೋಗಿಯೇ. ನೋವು ಬರುವ ಮೊದಲೇ ಎಳೆದುಕೊಳ್ಳಬೇಕು; ಅರ್ಧ ನಿಮಿಷ ಸಾಕು, ಹಿಡಿತ ಸಿಗತೊಡಗುತ್ತದೆ. ಮಂಪರು ಹೆಚ್ಚಾದರೆ ಕೈ ತಾನೇ ಜಾರುತ್ತದೆ, ಅನಿಲ ನಿಲ್ಲುತ್ತದೆ. ಅದಕ್ಕೇ ಮತ್ತೊಬ್ಬರು ಅದನ್ನು ಒತ್ತಿ ಹಿಡಿಯಬಾರದು. ಪುಪ್ಪುಸದ ಹೊರಗೆ ಗಾಳಿ ಸೇರಿಕೊಂಡವರಿಗೆ ಇದು ಅಪಾಯ. ಚಳಿಯ ಜಾಗದಲ್ಲಿಟ್ಟರೆ ಎರಡೂ ಅನಿಲ ಬೇರ್ಪಡುತ್ತವೆ, ಸಿಲಿಂಡರನ್ನು ಬೆಚ್ಚಗೆ ಇಡಬೇಕು. ಬಟ್ಟೆ ಬದಲಿಸಿ ಮುಗಿದ ಕೆಲವೇ ನಿಮಿಷಗಳಲ್ಲಿ ಅಮಲು ಇಳಿಯುತ್ತದೆ.