ಹೈದರಾಬಾದಿನ ಕ್ಲೋರೊಫಾರ್ಮ್ ಪಾಠ

ರೋಗಿಯ ಎಚ್ಚರವನ್ನು ತಪ್ಪಿಸಿ ಶಸ್ತ್ರಚಿಕಿತ್ಸೆಗೆ ಅಣಿಮಾಡುವ ವಿದ್ಯೆಯು ಬರಿಯ ಗ್ರಂಥದಿಂದ ಕಲಿಯತಕ್ಕುದಲ್ಲ. ಕೈಯೂ ಕಣ್ಣೂ ಕಿವಿಯೂ ಒಟ್ಟಿಗೆ ಪಳಗಿದ ಹೊರತು ಅದು ವಶವಾಗದು. ಆದರೂ ಆ ವಿದ್ಯೆಯು ಬಳಕೆಗೆ ಬಂದ ಮೇಲೆ ಬಹುಕಾಲ ಅದನ್ನು ವಿದ್ಯಾರ್ಥಿಗಳಿಗೆ ಕ್ರಮವಾಗಿ ಕಲಿಸುವ ಏರ್ಪಾಡು ಇಂಗ್ಲೆಂಡಿನಲ್ಲಿಯೂ ವಿರಳವಾಗಿದ್ದಿತು. ಅಂಥ ಕಾಲದಲ್ಲಿ, ರಾಯಚೂರು ಕಲಬುರಗಿ ಮೊದಲಾದ ಕನ್ನಡ ಜಿಲ್ಲೆಗಳನ್ನೂ ಒಳಗೊಂಡಿದ್ದ ನಿಜಾಮ ಸಂಸ್ಥಾನದ ರಾಜಧಾನಿಯಲ್ಲಿ, ಒಂದು ವೈದ್ಯಶಾಲೆಯು ಈ ಪಾಠವನ್ನು ತನ್ನ ಮುಖ್ಯ ಕಾರ್ಯವಾಗಿ ಕೈಕೊಂಡಿತು.

1847ರ ನವೆಂಬರಿನಲ್ಲಿ ಎಡಿನ್‌ಬರೋ ನಗರದ ಸಿಂಪ್ಸನ್ ಕ್ಲೋರೊಫಾರ್ಮನ್ನು ಬಳಕೆಗೆ ತಂದರು. 1848ರ ಜನವರಿ 28ರಂದು, ಕಾಲಿನ ಉಗುರನ್ನು ತೆಗೆಯಿಸಿಕೊಳ್ಳಬಂದ ಹದಿನೈದು ವಯಸ್ಸಿನ ಹ್ಯಾನಾ ಗ್ರೀನರ್ ಎಂಬ ಹುಡುಗಿಯು ಅದನ್ನು ಮೂಸಿದ ಕೆಲವೇ ನಿಮಿಷಗಳಲ್ಲಿ ಮಡಿದಳು. ಈ ಸಾವು ಹೃದಯದಿಂದಲೋ ಉಸಿರಿನಿಂದಲೋ ಎಂಬಲ್ಲಿ ಎರಡು ಪಂಥಗಳು ಹುಟ್ಟಿದುವು. ಲಂಡನ್ನಿನ ಜಾನ್ ಸ್ನೋ ಹೃದಯದ ಪಕ್ಷವನ್ನು ಹಿಡಿದು, ಆವಿಯನ್ನು ಅಳೆದು ಕೊಡಬೇಕೆಂದರು. ಎಡಿನ್‌ಬರೋ ಪಂಥದ ಸೈಮ್ ಉಸಿರನ್ನೇ ಪ್ರಮಾಣವಾಗಿ ಹಿಡಿದರು. ಅವರ ಅಳಿಯ ಲಿಸ್ಟರ್ ಒಂದು ಹೆಜ್ಜೆ ಮುಂದೆ ಹೋಗಿ, ಈ ಕೆಲಸಕ್ಕೆ ಪ್ರತ್ಯೇಕ ವೈದ್ಯನು ಅನಾವಶ್ಯಕ, ಸರಳ ನಿಯಮಗಳನ್ನು ಪಾಲಿಸುವ ವಿದ್ಯಾರ್ಥಿಯು ಮಡಿಸಿದ ಬಟ್ಟೆಯೊಂದರಿಂದಲೇ ಇದನ್ನು ಮಾಡಬಲ್ಲನೆಂದು ಬರೆದರು.

1846ರಲ್ಲಿ ಸ್ಥಾಪಿತವಾದ ಹೈದರಾಬಾದಿನ ವೈದ್ಯಶಾಲೆಯಲ್ಲಿ ಮೊದಮೊದಲು ಪಾಠವು ಉರ್ದುವಿನಲ್ಲಿ ನಡೆಯುತ್ತಿದ್ದಿತು. ತೇರ್ಗಡೆಯಾದವರಿಗೆ ಹಕೀಮ ಎಂಬ ಪದವಿ ದೊರೆಯುತ್ತಿದ್ದಿತು. 1885ರಲ್ಲಿ ಅಲ್ಲಿಗೆ ಬಂದ ಎಡ್ವರ್ಡ್ ಲಾರೀ ಸೈಮರ ಶಿಷ್ಯರು. ಗುರುವಿನ ಸೂತ್ರವನ್ನು ಅವರು ಇನ್ನೂ ಬಿಗಿಮಾಡಿದರು. ರೋಗಿಯನ್ನು ಅಂಗಾತ ಮಲಗಿಸಬೇಕು. ಎದೆಗೂ ಹೊಟ್ಟೆಗೂ ಬಿಗಿತವಿರಬಾರದು. ಹತ್ತಿಯನ್ನಿಟ್ಟ ತೆರೆದ ಕುಲಾವಿಯಲ್ಲಿ ಕ್ಲೋರೊಫಾರ್ಮನ್ನು ಹಿಡಿಯಬೇಕು. ಉಸಿರು ತಡೆದರೆ ಕೆಳದವಡೆಯನ್ನು ಮುಂದಕ್ಕೆ ತಳ್ಳಬೇಕು. ಮೊದಲಿನಿಂದ ಕೊನೆಯವರೆಗೆ ಕಣ್ಣು ಉಸಿರಾಟದ ಮೇಲೆಯೇ ಇರಬೇಕು. ನಾಡಿಯ ಗೊಡವೆ ಬೇಡ. ಆಯುರ್ವೇದ ಯುನಾನಿಗಳೆರಡರಲ್ಲಿಯೂ ನಾಡಿಯನ್ನು ಹಿಡಿಯುವುದೇ ವೈದ್ಯನ ಲಕ್ಷಣವೆಂದು ಜನರು ತಿಳಿದಿದ್ದ ನಾಡಿನಲ್ಲಿ, ಹಕೀಮರಾಗತಕ್ಕವರಿಗೆ ನಾಡಿಯನ್ನು ಮರೆಯಿರೆಂದು ಬೋಧಿಸಿದುದು ವಿನೋದದ ಸಂಗತಿಯೇ ಸರಿ.

1888ರಲ್ಲಿ ಮೊದಲನೆಯ ಹೈದರಾಬಾದ್ ಕ್ಲೋರೊಫಾರ್ಮ್ ಆಯೋಗವು ನಾಯಿಗಳ ಮೇಲೆ ಪರೀಕ್ಷೆ ನಡಸಿ, ಉಸಿರು ನಿಂತ ಮೇಲೆಯೂ ಹೃದಯವು ಮಿಡಿಯುತ್ತಿರುವುದೆಂದು ವರದಿಮಾಡಿತು. ಲಂಡನ್ನಿನ ‘ಲಾನ್ಸೆಟ್’ ಪತ್ರಿಕೆಯು ಇದನ್ನು ನಂಬಲಿಲ್ಲ. ಆಗ ನಿಜಾಮ ಮೀರ್ ಮಹಬೂಬ್ ಅಲೀ ಖಾನರು ಸಾವಿರ ಪೌಂಡುಗಳನ್ನು ಕೊಟ್ಟು, ಪತ್ರಿಕೆಯೇ ಆರಿಸಿದ ಪರೀಕ್ಷಕರನ್ನು ಕರೆಯಿಸಿದರು. ಬಂದವರು ಲಾಡರ್ ಬ್ರಂಟನ್. ಹೃದಯಕ್ಕೆ ಅಪಾಯವುಂಟೆಂದು ನಂಬಿದ್ದವರು. 1889ರ ಕೊನೆಯಲ್ಲಿ ನಡೆದ ಎರಡನೆಯ ಆಯೋಗದಲ್ಲಿ ಕೆಲವು ನೂರು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿದ ತರುವಾಯ ಅವರೂ ಲಾರೀಯವರ ಪಕ್ಷವನ್ನೇ ಸೇರಿದರು.

ಜಯವು ಸ್ಥಿರವಾಗಲಿಲ್ಲ. 1893ರಲ್ಲಿ ಗ್ಯಾಸ್ಕೆಲ್ ಮತ್ತು ಶೋರ್ ಎಂಬವರ ಪ್ರಯೋಗಗಳು ಇದಕ್ಕೆ ವಿರುದ್ಧವಾದುವು. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ಪರೀಕ್ಷಿಸಿ, ಕ್ಲೋರೊಫಾರ್ಮಿನ ಅಮಲು ಹಗುರವಾಗಿರುವಾಗಲೇ ಅಡ್ರಿನಲಿನ್ ರಸವು ಸೇರಿದರೆ ಹೃದಯವು ಅದಿರಿ ಥಟ್ಟನೆ ನಿಲ್ಲಬಹುದೆಂದು ತೋರಿಸಿದರು. ಲಾರೀಯವರ ಸಿದ್ಧಾಂತವು ಇದರಿಂದ ಬಿದ್ದುಹೋಯಿತು. ಪಾಠವು ಪೂರ್ತಿ ಬೀಳಲಿಲ್ಲ. ಅಂಜುತ್ತ, ಬಿಟ್ಟು ಬಿಟ್ಟು ಕೊಡುವುದೇ ಹೆಚ್ಚು ಅಪಾಯಕರವೆಂದು ಲೆವಿಯವರ ಪರೀಕ್ಷೆಗಳಿಂದ ಹೊರಟಿತಾದುದರಿಂದ, ಎಡೆಬಿಡದೆ ಕೊಡಿರೆಂಬ ಹೈದರಾಬಾದಿನ ಪದ್ಧತಿಯು ತನಗೆ ತಿಳಿಯದ ಕಾರಣದಿಂದಲೇ ಹಲವರನ್ನು ಉಳಿಸಿರಬಹುದು. ಉಸಿರನ್ನು ನೋಡೆಂದು ಕಲಿಸಿದುದು ದೋಷವಲ್ಲ. ಮತ್ತೊಂದನ್ನು ನೋಡಲೇಬೇಡವೆಂದುದು ದೋಷ. ಸೂತ್ರವು ಚಿಕ್ಕದಾದಷ್ಟೂ ವಿದ್ಯಾರ್ಥಿಗೆ ನೆನಪಿರುತ್ತದೆಯೆಂಬ ಉಪಾಧ್ಯಾಯರ ಆಸೆಯೇ ಇಲ್ಲಿ ಮಿತಿಮೀರಿದಂತೆ ತೋರುತ್ತದೆ.

ಈ ಶಾಲೆಯಲ್ಲಿ 1885ರಲ್ಲಿ ಸೇರಿದ ಕೆಲವರೇ ವಿದ್ಯಾರ್ಥಿನಿಯರಲ್ಲಿ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಮಹಿಳೆಯು ಒಬ್ಬಳು. ಆಕೆಯು 1889ರಲ್ಲಿ ತೇರ್ಗಡೆಯಾಗಿ, ಹೈದರಾಬಾದಿನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಕ್ಲೋರೊಫಾರ್ಮ್ ಕೊಡುವ ಕಾರ್ಯವನ್ನು ನಿರ್ವಹಿಸಿದಳು. ಲೋಕದಲ್ಲಿ ಈ ವಿದ್ಯೆಯನ್ನು ವೃತ್ತಿಯಾಗಿ ಕೈಕೊಂಡ ಮೊದಲ ಸ್ತ್ರೀಯರಲ್ಲಿ ಆಕೆಯ ಹೆಸರನ್ನು ಎಣಿಸುತ್ತಾರೆ. ಪ್ರತ್ಯೇಕ ವೈದ್ಯನೇ ಬೇಡವೆಂದ ಪಂಥದ ಪಾಠಶಾಲೆಯಿಂದಲೇ ಇಂಥವಳು ಹೊರಟಳು. 1909ರಲ್ಲಿ, ಈ ಕಾರ್ಯಕ್ಕೆ ಬೇಕಾದ ಭೌತ ರಸಾಯನ ಶಾಸ್ತ್ರಗಳನ್ನು ಇನ್ನೂ ಕಲಿಯುವುದಕ್ಕಾಗಿ, ಆಕೆಯು ಎಡಿನ್‌ಬರೋ ನಗರಕ್ಕೆ ಪ್ರಯಾಣಮಾಡಿದಳು.